ಹದಿನಾರಾಣೆ ಕೊಡದ ಭಟ್ಟರು

ಮೆಂತ್ಯ ಹುರಿಯುವಾಗ ಒಂದು ಗಳಿಗೆ ಬರುತ್ತದೆ. ಅದಕ್ಕೆ ಮೊದಲು ಇಳಿಸಿದರೆ ಹಸಿ, ಆಮೇಲೆ ಇಳಿಸಿದರೆ ಕಹಿ. ಇವತ್ತು ಬೆಳಿಗ್ಗೆ ಜನಕಪುರಿಯ ನಮ್ಮ ಹೋಟೆಲಿನ ಅಡುಗೆಮನೆಯಲ್ಲಿ, ಚಳಿಗೆ ಹೆಪ್ಪುಗಟ್ಟಿದ ತೆಂಗಿನೆಣ್ಣೆಯ ಡಬ್ಬಿಯನ್ನು ಒಲೆಯ ಪಕ್ಕ ಕರಗಲಿಟ್ಟು ಮೆಂತ್ಯ ಕೆದಕುತ್ತಿದ್ದಾಗ ಆ ಗಳಿಗೆಯ ಪರಿಮಳ ಎದ್ದಿತು. ಬೆನ್ನ ಹಿಂದೆ ಯಾರೋ ಗಂಟಲು ಸರಿಮಾಡಿಕೊಂಡ ಹಾಗಾಯಿತು… ತಿರುಗಿ ನೋಡಿದೆ. ಯಾರೂ ಇರಲಿಲ್ಲ.

ನಮ್ಮ ಹೋಟೆಲಿನ ಹಳೆಯ ಅಡುಗೆ ಭಟ್ಟರು ಕುಂದಾಪುರದ ಕಡೆಯವರು. ನಾನು ಮದುವೆಯಾಗಿ ದೆಹಲಿಗೆ ಬರುವ ಹೊತ್ತಿಗೇ ಅವರು ಮಾವನವರ ಕಾಲದಿಂದ ಇಲ್ಲಿ ಬೇರೂರಿದ್ದರು. ಅವರ ಬಾಯಲ್ಲಿ ಜಗತ್ತೆಲ್ಲ ನಾಣ್ಯವಾಗಿಯೇ ಬರುತ್ತಿತ್ತು. ಬಾಡಿದ ಕೊತ್ತಂಬರಿ ತಂದು ತಾಜಾ ಎಂದು ಸಾಧಿಸುವ ತರಕಾರಿ ಭಯ್ಯಾ ಅವರ ಪಾಲಿಗೆ ಖೋಟಾ ನಾಣ್ಯ. ಅವನ ಮಾತಿಗೆ ಕವಡೆ ಕಾಸಿನ ಕಿಮ್ಮತ್ತಿಲ್ಲ. ಹಳೆಯ ಗ್ರೈಂಡರ್ ಸವಕಲು ನಾಣ್ಯ, ಆದರೂ ಓಡುತ್ತದೆ. ಆಣೆಯನ್ನು ಕಣ್ಣಿಂದಲೂ ನೋಡದ ನಾನು ಮೊದಮೊದಲು ಇದಕ್ಕೆಲ್ಲ ನಗುತ್ತಿದ್ದೆ.

ಸಾಂಬಾರಿನ ವಿಷಯದಲ್ಲಿ ಮಾತ್ರ ನಗು ನಡೆಯುತ್ತಿರಲಿಲ್ಲ. ಬೆಳಿಗ್ಗೆ ಶಟರ್ ಎತ್ತುವ ಮುಂಚೆ ಮೊದಲ ಸೌಟು ಒಂದು ಪುಟ್ಟ ಸ್ಟೀಲ್ ಬಟ್ಟಲಿಗೆ ಬೀಳಬೇಕು. ಭಟ್ಟರು ಅದನ್ನು ಕುಡಿದು, ಸೂರು ನೋಡುತ್ತ ನಿಂತು, ಎಷ್ಟಾಣೆ ಎಂದು ಹೇಳಬೇಕು. ರೂಪಾಯಿಗೆ ಹದಿನಾರಾಣೆ ಇದ್ದ ಕಾಲದ ಲೆಕ್ಕ. ಹದಿನಾಲ್ಕಕ್ಕಿಂತ ಕಡಿಮೆಯಾದರೆ ಹುಳಿಯೋ ಬೆಲ್ಲವೋ ಸರಿಹೋಗುವ ತನಕ ಶಟರ್ ಮೇಲೇಳುವಂತಿಲ್ಲ, ಹೊರಗೆ ಆಫೀಸಿನವರು ಎಷ್ಟೇ ಗಡಿಬಿಡಿ ಮಾಡಲಿ. ಹದಿನೈದು ಅಪರೂಪ. ಹದಿನಾರನ್ನು ಯಾವತ್ತೂ ಕೊಡಲಿಲ್ಲ. ಯಾಕೆಂದು ಒಮ್ಮೆ ಕೇಳಿದ್ದೆ.

“ಹದಿನಾರಾಣೆ ಅಂತ ಹೇಳಿದ್ರೆ ಮತ್ತೆ ನಾಳೆ ಎಂಥ ಮಾಡುದು ಅಮ್ಮ?” ಎಂದಿದ್ದರು.

ಮಗಳು ಶಾಲೆಗೆ ಸೇರಿದ ಮೇಲೆ ನಾನೂ ಸೌಟು ಹಿಡಿದೆ. ಆರಾಣೆಯಲ್ಲಿ ಶುರುಮಾಡಿದವಳಿಗೆ ಹನ್ನೊಂದಕ್ಕೆ ಬರಲು ಎರಡು ವರ್ಷ ಬೇಕಾಯಿತು. ಉಳಿದದ್ದನ್ನು ಭಟ್ಟರೇ ಗೊಣಗುತ್ತ ಸರಿಮಾಡುತ್ತಿದ್ದರು…

ಆಮೇಲೆ ಒಂದು ಚಳಿಗಾಲ ಅವರಿಗೆ ಕೆಟ್ಟ ಜ್ವರ ಬಂತು. ಎದ್ದು ಬಂದ ಭಟ್ಟರು ಇದ್ದಕ್ಕಿದ್ದಂತೆ ಉದಾರಿಯಾಗಿಬಿಟ್ಟರು. ದಿನಾ ಹದಿನೈದಾಣೆ. ನಾನು ಉಬ್ಬಿಹೋದೆ, ನನ್ನ ಕೈ ಪಳಗಿತು ಎಂದು ಊರಿಗೆ ಫೋನ್ ಮಾಡಿ ಅಮ್ಮನಿಗೂ ಹೇಳಿದೆ. ಮೂರು ತಿಂಗಳು ಹೀಗೇ ನಡೆಯಿತು. ಒಂದು ಬೆಳಿಗ್ಗೆ ಸಾಂಬಾರಿಗೆ ಉಪ್ಪು ಹಾಕುವುದನ್ನೇ ಮರೆತೆ. ಭಟ್ಟರಿಗಿಂತ ಮುಂಚೆ ಯಾರೂ ರುಚಿ ನೋಡುವ ಪದ್ಧತಿ ಇರಲಿಲ್ಲ. ಅವರು ಕುಡಿದರು, ಸೂರು ನೋಡಿದರು, ಹದಿನೈದಾಣೆ ಎಂದರು. ಶಟರ್ ಎದ್ದಿತು. ದಿನಾ ಬರುವ ಗಿರಾಕಿಯೊಬ್ಬರು ನಗುತ್ತಲೇ, ಇವತ್ತು ನಮಕ್ ಎಲ್ಲಿ ಮೇಡಂ ಎಂದು ಕೇಳಿದಾಗ ಓಡಿಹೋಗಿ ಒಂದು ಸೌಟು ಕುಡಿದು ನೋಡಿದೆ. ಉಪ್ಪಿಲ್ಲದ್ದು ಭಟ್ಟರಿಗೆ ಗೊತ್ತಾಗಿರಲಿಲ್ಲ.

ಹಿಂದಿನ ಕೋಣೆಯಲ್ಲಿ ಅಕ್ಕಿಮೂಟೆಯ ಮೇಲೆ ಕೂತಿದ್ದರು. ನನ್ನ ಮುಖ ನೋಡಿಯೇ ಅವರಿಗೆ ತಿಳಿಯಿತು. ಜ್ವರ ಬಿಟ್ಟಾಗ ರುಚಿ, ವಾಸನೆ ಎರಡನ್ನೂ ಹೊತ್ತುಕೊಂಡು ಹೋಗಿತ್ತಂತೆ. ಅಂದಿನಿಂದ ಬಾಯಿಗೆ ಹಾಕಿದ್ದೆಲ್ಲ ಬರಿ ಬಿಸಿನೀರು. ಗೊತ್ತಾದರೆ ಕೆಲಸದಿಂದ ಬಿಡಿಸಿ ಊರಿಗೆ ಕಳಿಸುತ್ತೇವೆಂದು ಹೆದರಿ, ಯಾರೂ ಪ್ರಶ್ನೆ ಕೇಳದ ಒಂದು ಅಂಕೆ ಹಿಡಿದು ಕೂತಿದ್ದರು.

“ನಾಲಗೆ ಹೋದ ಭಟ್ಟ ಚಲಾವಣೆ ಇಲ್ಲದ ನಾಣ್ಯ ಅಮ್ಮ. ಎಷ್ಟು ದಿನ ಅಂತ ಕಿಸೆಯಲ್ಲಿ ಇಟ್ಕೊಳ್ತೀರಿ?” ಎಂದರು.

ನನಗೆ ಮೊದಲು ಸಿಟ್ಟೇ ಬಂತು. ಮೂರು ತಿಂಗಳ ಹೊಗಳಿಕೆಯೆಲ್ಲ ಬೊಗಳೆಯಾಗಿತ್ತಲ್ಲ. ಆಮೇಲೆ, ಪ್ರತಿ ಬೆಳಿಗ್ಗೆ ಆ ಬಟ್ಟಲೆತ್ತುವಾಗ ಈ ಮನುಷ್ಯ ಎಷ್ಟು ಹೆದರಿರಬೇಕು ಎಂದು ನೆನೆದು ಅಳು ಬಂತು. ಅಳುತ್ತಲೇ ಹೇಳಿದೆ.

“ನಾಲಗೆ ನಂದಿರಲಿ ಭಟ್ರೇ. ಆಣೆ ನೀವೇ ಹೇಳಿ.”

ಮರುದಿನದಿಂದ ಬಟ್ಟಲು ನನ್ನ ಕೈಗೆ ಬಂತು. ನಾನು ಕುಡಿಯುವುದು, ಅವರು ಕಣ್ಣು ಮುಚ್ಚಿ ಕೇಳುವುದು. ಹುಳಿ ಮೊದಲು ಬರುತ್ತದೋ, ಖಾರವೋ? ಖಾರ ನಾಲಗೆಯ ತುದಿಗೋ, ಗಂಟಲಿಗೋ? ನುಂಗಿದ ಮೇಲೆ ಬೆಲ್ಲ ಉಳಿಯಿತೋ? ಬರೀ ಚೆನ್ನಾಗಿದೆ ಎಂದರೆ ಅದಕ್ಕೆ ಮೂರು ಕಾಸಿನ ಬೆಲೆಯೂ ಇರಲಿಲ್ಲ. ಮೊದಲ ದಿನವೇ ಹದಿನೈದರಿಂದ ಹತ್ತಕ್ಕೆ ಬಿದ್ದೆ. ಅವತ್ತು ನನಗಾದ ಸಂತೋಷವನ್ನು ಹೇಳಿದರೆ ಯಾರೂ ನಂಬಲಿಕ್ಕಿಲ್ಲ… ಹಾಗೆ ಇನ್ನೂ ಮೂರು ವರ್ಷ ಅವರೇ ನಮ್ಮ ಅಡುಗೆಮನೆ ಆಳಿದರು. ನಾನು ನಿಜವಾಗಿ ಸಾಂಬಾರು ಕಲಿತದ್ದು ಆ ಮೂರು ವರ್ಷದಲ್ಲಿ.

ಮೊಣಕಾಲು ಸೋತ ಮೇಲೆ ತಾವಾಗಿಯೇ ಊರಿಗೆ ಹೊರಟರು. ಕಳೆದ ವರ್ಷ ತೀರಿಕೊಂಡರೆಂದು ಅವರ ತಮ್ಮ ಫೋನ್ ಮಾಡಿದ್ದ. ಹೋಗಲಾಗಲಿಲ್ಲ. ಆ ಕೊರಗು ಇದೆ, ಇರಲಿ.

ಇವತ್ತು ಬಟ್ಟಲು ತುಂಬಿ ಮಗಳ ಕೈಗೆ ಕೊಟ್ಟೆ. ಕಾಲೇಜಿಗೆ ಹೊರಟಿದ್ದಳು. ಆಣೆ ಹಾಗಿರಲಿ, ಅವಳ ಪರ್ಸಿನಲ್ಲಿ ಒಂದು ನಾಣ್ಯವೂ ಇರುವುದಿಲ್ಲ, ಎಲ್ಲ ಮೊಬೈಲಿನಲ್ಲೇ. ಶಾಲೆಯ ದಿನಗಳಲ್ಲಿ ಇಲ್ಲೇ ತಿಂಡಿಗೆ ಕೂತು ಭಟ್ಟರ ಮತ್ತು ನನ್ನ ಸವಾಲು ಜವಾಬು ಕೇಳಿಸಿಕೊಳ್ಳುತ್ತಿದ್ದಳೆಂಬುದು ನನಗೆ ಮರೆತೇ ಹೋಗಿತ್ತು. ಕುಡಿದಳು. ಸೂರು ನೋಡಿದಳು.

“ಹದಿಮೂರಾಣೆ ಮಮ್ಮಿ. ಹುಳಿ ಪೆಹಲೇ ಬರ್ತಿದೆ.”

ಸರಿಯಾಗಿಯೇ ಹೇಳಿದ್ದಳು, ಹುಳಿಯೇ ಮೊದಲು ಬರುತ್ತಿತ್ತು. ಶಟರಿಗೆ ಕೈ ಹಾಕಿದ್ದ ಯಜಮಾನರಿಗೆ ಸ್ವಲ್ಪ ತಡೆಯಿರಿ ಎಂದು ಹೇಳಿ ಬೆಲ್ಲದ ಡಬ್ಬಿ ತೆಗೆದೆ.