ಬದುವಿಗಿಳಿದ ಗೋಸುಂಬೆಗೆ ಚನ್ನಾಜಮ್ಮನ ಕಾವಲು

ಹದಿನಾರು ಎಂಬ ಊರಿನಾಚೆಯ ಹೊಲದಲ್ಲಿ ಇನ್ನೂ ಸೂರ್ಯ ಮೂಡಿಲ್ಲ. ಬೇಲಿ ಸವರಲು ಬಂದ ಚನ್ನಾಜಮ್ಮ ಮಚ್ಚನ್ನು ಕೆಳಗಿಟ್ಟು, ಲಂಟಾನದ ಒಂದೊಂದೇ ರೆಂಬೆಗೆ ಟಾರ್ಚ್ ಬಿಡುತ್ತಿದ್ದಾರೆ. ತುದಿಯಲ್ಲೊಂದು ಬೆಳ್ಳಗಿನ ಎಲೆ ಕಾಣುತ್ತದೆ. ಎಲೆಯಲ್ಲ, ನಿದ್ದೆಯಲ್ಲಿರುವ ಗೋಸುಂಬೆ.

"ಮಲಗಿದಾಗ ಬೆಳ್ಳಗಾಯ್ತದೆ ಸಾ. ಬಿಸ್ಲು ಬಿದ್ರೆ ಮುಗೀತು, ಕಣ್ಮುಂದೆ ಇದ್ರೂ ಕಾಣಾಕಿಲ್ಲ" ಎಂದು ವರದಿಗೆ ಬಂದ ನಮಗೆ ಹೇಳುತ್ತಾ, ಗುರುತಿಗೆ ಆ ಪೊದೆಗೆ ಹಳೆ ಸೀರೆಯ ಚೂರು ಕಟ್ಟುತ್ತಾರೆ. ಚೂರು ಕಟ್ಟಿದ ಪೊದೆಯನ್ನು ಸವರುವ ಸರದಿ ಕೊನೆಗೆ, ಅದೂ ಗೋಸುಂಬೆ ತಾನಾಗಿ ಪಕ್ಕದ ಗಿಡಕ್ಕೆ ದಾಟಿದ ಮೇಲೆ.

ಅರವತ್ತಕ್ಕೆ ಎರಡು ಕಮ್ಮಿ ಇರುವ ಚನ್ನಾಜಮ್ಮನಿಗೆ ಇದು ಮೂವತ್ತು ವರ್ಷದ ಕೂಲಿ. ಹುಲ್ಲಹಳ್ಳಿಯಿಂದ ಸೋಮನಾಥಪುರದವರೆಗೆ ಕೆಲಸವಿದ್ದಲ್ಲಿಗೆ ಬಸ್ಸು ಹತ್ತಿ ಹೋಗುತ್ತಾರೆ, ದಿನಕ್ಕೆ ಮೂವತ್ತು ಮಾರು ಬೇಲಿ ಸವರುತ್ತಾರೆ. ಈ ಮಳೆಗಾಲದಿಂದೀಚೆಗೆ ಹತ್ತೊಂಬತ್ತು ಗೋಸುಂಬೆಗಳು ಇವರ ಮಚ್ಚಿನಿಂದ ಪಾರಾಗಿವೆ. ಮಾತು ಬದಲಿಸುವವರನ್ನೆಲ್ಲ ಗೋಸುಂಬೆ ಎಂದು ಬೈಯುವ ನಾವು ಆ ಪಾಪದ ಪ್ರಾಣಿಗೆ ಮಾಡಿರುವ ಅವಮಾನ ಕಮ್ಮಿಯದಲ್ಲ. ಅದು ಬಣ್ಣ ಬದಲಿಸುವುದು ಚಳಿಗೆ, ಬಿಸಿಲಿಗೆ, ಹೆದರಿಕೆಗೆ, ಸಿಟ್ಟಿಗೆ. ಒಂದು ಕಣ್ಣು ಮುಂದೆ, ಒಂದು ಕಣ್ಣು ಹಿಂದೆ ಹೊರಳಿಸುತ್ತಾ, ಮೈಯಷ್ಟುದ್ದದ ನಾಲಿಗೆ ಚಾಚಿ ಮಿಡತೆ ಹಿಡಿಯುವುದಷ್ಟೇ ಅದರ ರಾಜಕಾರಣ.

ಚನ್ನಾಜಮ್ಮನೂ ಒಮ್ಮೆ ತಪ್ಪು ಮಾಡಿದ್ದಾರೆ. ದಪ್ಪ ಹೊಟ್ಟೆಯ ಗೋಸುಂಬೆಯೊಂದು ನೆಲದಲ್ಲಿದ್ದುದನ್ನು ಕಂಡು, ಪಾಪ ಬಿದ್ದಿದೆ ಎಂದು ಎತ್ತಿ ಗಿಡಕ್ಕೆ ಬಿಟ್ಟರು. ಮತ್ತೆ ಇಳಿಯಿತು, ಮತ್ತೆ ಬಿಟ್ಟರು. ಮೂರು ದಿನ ಹೀಗೇ.

"ನಾಕನೇ ದಿನ ಸತ್ತು ಬಿದ್ದಿತ್ತು ಸಾ. ಇರುವೆ ಮುತ್ತಿ ಒಟ್ಟೆ ಒಡ್ದಿತ್ತು, ತುಂಬ ಮೊಟ್ಟೆ. ಮಣ್ಣು ತೋಡಿ ಮೊಟ್ಟೆ ಇಕ್ಕಾಕೆ ಇಳೀತಿತ್ತು. ನಾನೇ ಬಿಡ್ನಿಲ್ಲ."

ಇವತ್ತು ಬಿಸಿಲೇರುತ್ತಿದ್ದಂತೆ ಅಂಥದ್ದೇ ಒಂದು ಹೆಣ್ಣು ಈ ಬದುವಿನ ಮಣ್ಣು ತೋಡುತ್ತಿದೆ. ಹತ್ತು ಗಂಟೆಗೆ ಜೆಸಿಬಿ ಬಂದು ಇದೇ ಬದುವನ್ನು ಮಟ್ಟ ಮಾಡಲಿದೆ, ತಂತಿಬೇಲಿ ಹಾಕಲು. ಚನ್ನಾಜಮ್ಮ ಗುಂಡಿಯ ಮುಂದೆ ಕುಕ್ಕರುಗಾಲಲ್ಲಿ ಕೂತುಬಿಟ್ಟಿದ್ದಾರೆ.

"ಅದ್ರ ಉಸ್ರು ತಾಕಿದ್ರೂ ಇಸ ಕಣಮ್ಮ, ಒಡ್ದಾಕು" ಎಂದು ಹೊಲದ ಯಜಮಾನ ಪುಟ್ಟಬಸವಯ್ಯ ದೂರದಿಂದಲೇ ಕೂಗುತ್ತಾರೆ.

"ಇಸ ಇದ್ದಿದ್ರೆ ನಾನಿಷ್ಟು ವರ್ಸ ಬದುಕಿರ್ತಿದ್ನಾ ಯಜಮಾನ್ರೇ? ನಿಮ್ ಪೈರಿನ ಮಿಡ್ತೆ ತಿನ್ನೋ ಜೀವ. ಬಸುರಿ ಬ್ಯಾರೆ. ಎರಡು ಮಾರು ಜಾಗ ಬುಡಿ ಸಾಕು."

ಜೆಸಿಬಿ ಬಂದು ಗುರುಗುಡುತ್ತಾ ನಿಲ್ಲುತ್ತದೆ. ಪುಟ್ಟಬಸವಯ್ಯ ಹತ್ತಿರ ಬಂದು ಬಗ್ಗಿ ನೋಡುತ್ತಾರೆ. ಗೋಸುಂಬೆ ಇವರ ಗೊಡವೆಯೇ ಇಲ್ಲದೆ ಪುಟ್ಟ ಕಾಲಿನಲ್ಲಿ ಮಣ್ಣು ತಳ್ಳುತ್ತಿದೆ. ಅವರು ತಲೆ ಕೆರೆದುಕೊಂಡು ಡ್ರೈವರನತ್ತ ತಿರುಗುತ್ತಾರೆ: "ಆ ತುದಿಯಿಂದ ಸುರು ಮಾಡಪ್ಪ. ಈ ಎರಡು ಮಾರು ಇಂಗೇ ಇರ್ಲಿ."

ಮಧ್ಯಾಹ್ನದ ಹೊತ್ತಿಗೆ ಗೋಸುಂಬೆ ಗುಂಡಿ ಮುಚ್ಚಿ, ಮಣ್ಣು ಮೆತ್ತಿದ ಮೈಯಲ್ಲಿ ಓಲಾಡುತ್ತಾ ಗಿಡ ಹತ್ತುತ್ತದೆ. ಚನ್ನಾಜಮ್ಮ ಪುಟ್ಟಬಸವಯ್ಯನವರಿಗೆ ಕೈ ಮುಗಿಯುತ್ತಾರೆ. ನಿಜಕ್ಕೂ ನಾವೆಲ್ಲ ಕೈ ಮುಗಿಯಬೇಕಾದದ್ದು ಈ ತಾಯಿಗೆ. ಪತ್ರಿಕೆಗೊಂದು ಫೋಟೋ ಬೇಕು ಎಂದರೆ ಸೆರಗು ಅಡ್ಡ ಹಿಡಿಯುತ್ತಾರೆ.

"ನನ್ ಫೋಟೋ ಬ್ಯಾಡಿ ಸಾ. ಗೋಸುಂಬೆಗೆ ಇಸ ಇಲ್ಲ ಅಂತ ದಪ್ಪಕ್ಷರದಲ್ಲಿ ಆಕಿ. ಮರಿ ಮಣ್ಣಿಂದ ಎದ್ದು ಬರೋದ್ರೊಳ್ಗೆ ಊರೋರೆಲ್ಲ ಓದಿರ್ಲಿ."