ಎತ್ತು ಕೊಟ್ಟ ರಕ್ತ

ಕೈಗೆ ಬಂದ ರಕ್ತದ ಚೀಲ ಅಷ್ಟು ಬಿಸಿಯಾಗಿರುತ್ತದೆಂದು ನಾನು ಎಣಿಸಿರಲಿಲ್ಲ. ಸ್ವಲ್ಪ ಮುಂಚೆ ಅದು ಪಕ್ಕದ ಮನೆಯ ಮಾದೇವಕ್ಕನ ಎತ್ತಿನ ಮೈಯಲ್ಲಿತ್ತು. ಪಶುವೈದ್ಯರು ಎತ್ತಿನ ಕತ್ತಿಗೆ ಹಗ್ಗ ಬಿಗಿದಾಗ ರಕ್ತನಾಳ ಹೆಬ್ಬೆರಳಿನಷ್ಟು ದಪ್ಪಗೆ ಉಬ್ಬಿತ್ತು. ಸೂಜಿ ಚುಚ್ಚಿದ್ದೇ ತಡ, ಚೀಲ ತುಂಬತೊಡಗಿತ್ತು.

ಸೋಸಲೆಯ ನಮ್ಮ ಕೊಟ್ಟಿಗೆಯಲ್ಲಿ ಗಬ್ಬದ ಹಸು ಗೌರಿ ಉಣ್ಣೆಹುಳ ಕಚ್ಚಿ ಬಂದ ಜ್ವರದಿಂದ ನೆಲ ಹಿಡಿದಿತ್ತು. ಜ್ವರ ರಕ್ತವನ್ನೇ ತಿಂದುಹಾಕಿ ವಸಡು ಸುಣ್ಣದಂತೆ ಬಿಳಿಚಿಕೊಂಡಿತ್ತು. ವೈದ್ಯರು ಅದರ ಎದೆಬಡಿತವನ್ನು ಸ್ಟೆತಾಸ್ಕೋಪಿನಲ್ಲಿ ನನಗೂ ಕೇಳಿಸಿದ್ದರು. ಹೃದಯ ಓಡುತ್ತಿತ್ತು.

"ಉಳಿದಿರೋ ಚೂರು ರಕ್ತಾನೇ ಮೈಗೆಲ್ಲ ತಲುಪಿಸೋಕೆ ಒದ್ದಾಡ್ತಿದೆ. ಬೇರೆ ದನದ ರಕ್ತ ಕೊಟ್ಟು ನೋಡೋಣ" ಎಂದಿದ್ದರು. ನಾನು ಯಾರನ್ನೂ ಕೇಳುವ ಮೊದಲೇ ಮಾದೇವಕ್ಕ ತಮ್ಮ ಎತ್ತನ್ನು ಹಿಡಿದುಕೊಂಡು ಬಂದಿದ್ದರು.

"ಅಕ್ಕ, ಎತ್ತಿಗೇನಾದ್ರೂ ಆದ್ರೆ?" ಎಂದೆ.

"ಗಟ್ಟಿ ಜೀವ ಕಣವ್ವ, ಮೇವು ತಿಂದು ತುಂಬ್ಕತದೆ. ನೀನು ಚೀಲ ಮೇಲಕ್ಕೆ ಎತ್ತಿ ಇಡ್ಕೊ" ಎಂದರು.

ಎತ್ತಿ ಹಿಡಿದೆ. ರಕ್ತ ಕೊಳವೆಯಲ್ಲಿ ಇಳಿದು ಗೌರಿಯ ಕತ್ತಿನ ನಾಳ ಸೇರಿತು. ನನ್ನ ತೋಳು ಸೋತಾಗ ಮಾದೇವಕ್ಕ ಹಿಡಿದರು, ಅವರ ತೋಳು ಸೋತಾಗ ನಾನು. ಚೀಲ ಬರಿದಾದ ಮೇಲೂ ಗೌರಿ ಏಳಲಿಲ್ಲ. ನಾವಿಬ್ಬರೂ ಕೊಟ್ಟಿಗೆಯಲ್ಲೇ ಕುಳಿತೆವು. ಸಂಜೆ ಅದು ಕಿವಿಯಾಡಿಸಿತು. ಮರುದಿನ ಬೆಳಿಗ್ಗೆ ತಾನಾಗಿಯೇ ಎದ್ದು ನಿಂತು ಹುಲ್ಲಿಗೆ ಬಾಯಿ ಹಾಕಿತು.

ಗೌರಿ ಈಗ ಹೆಣ್ಣುಗರುವಿನ ತಾಯಿ. ಮಾದೇವಕ್ಕನ ಎತ್ತು ನಮ್ಮ ಬಾಗಿಲ ಮುಂದೆ ಹಾದುಹೋಗುವಾಗಲೆಲ್ಲ ನಾನು ಕೈಯಲ್ಲಿರುವ ಕೆಲಸ ಬಿಟ್ಟು ಬಂದು ಅದರ ಕತ್ತು ಸವರುತ್ತೇನೆ.