ಗಟ್ಟಿ ಬೇಡ, ಮೆತ್ತಗಿರಲಿ

ಎಂಬತ್ತರ ದಶಕದ ಕೊನೆಯ ಆ ವರ್ಷ ನಾನು ಅತಿ ಹೆಚ್ಚು ಹೆದರಿದ್ದು ಒಂದು ಸದ್ದಿಗೆ. ನಮ್ಮ ಪುಟ್ಟ ಕಾರಿನ ಮುಂದಿನ ಎಡಗಾಲಿಯ ಹತ್ತಿರ ‘ಟಕ್’ ಎಂದು ಬರುತ್ತಿದ್ದ ಸದ್ದು. ಗಾಲಿ ಗುಂಡಿಗೆ ಇಳಿದಾಗ ಒಮ್ಮೆ, ಏರಿದಾಗ ಇನ್ನೊಮ್ಮೆ. ಪ್ರತಿ ಸಲವೂ ನನ್ನ ಎರಡೂ ಕೈ ತಾವಾಗಿಯೇ ಹೊಟ್ಟೆಯ ಮೇಲೆ ಹೋಗುತ್ತಿದ್ದವು, ಹಿಡಿದುಕೊಂಡರೆ ನಿಲ್ಲುತ್ತದೆ ಎನ್ನುವ ಹಾಗೆ.

ಅದಕ್ಕೆ ಮುಂಚೆ ಎರಡು ಸಲ ಬಸಿರು ನಿಂತಿರಲಿಲ್ಲ. ಎರಡೂ ನಾಲ್ಕು ತಿಂಗಳು ತುಂಬಿದ ಮೇಲೆ, ಇನ್ನೇನು ನಾಲ್ಕು ಜನಕ್ಕೆ ಹೇಳಿಕೊಳ್ಳಬಹುದು ಎನ್ನುವಾಗ ಹೋಗಿದ್ದವು. ಮೂರನೆಯದಕ್ಕೆ ಐದು ಮುಗಿಯುತ್ತ ಬಂದಿತ್ತು. ಯಶವಂತಪುರದ ಡಾಕ್ಟರಮ್ಮ ಗರ್ಭಕೋಶದ ಬಾಯಿಗೆ ಹೊಲಿಗೆ ಹಾಕಿದ್ದರು, ವಾರವಾರವೂ ಕರೆಸಿಕೊಂಡು ಪರೀಕ್ಷೆ ಮಾಡಿ ಇಂಜೆಕ್ಷನ್ ಕೊಡುತ್ತಿದ್ದರು. “ಮಲಗೇ ಇರ್ಬೇಕು. ನಡೆಯೋ ಹಾಗಿಲ್ಲ, ಮೆಟ್ಲು ಹತ್ತೋ ಹಾಗಿಲ್ಲ. ಇಲ್ಲಿಗೆ ಕಾರಲ್ಲೇ ಬನ್ನಿ. ಆದ್ರೆ ಕುಲುಕಾಟ ಮಾತ್ರ ಬೇಡ,” ಎಂದಿದ್ದರು.

ಕುಲುಕಾಟ ಬೇಡವಂತೆ! ನಾವಿದ್ದದ್ದು ಶೆಟ್ಟಿಹಳ್ಳಿಯಲ್ಲಿ. ರಾಗಿ ಹೊಲವನ್ನು ಸೈಟು ಮಾಡಿ ಮಾರಿದ್ದರು, ರಸ್ತೆ ಮಾತ್ರ ಇನ್ನೂ ನಕ್ಷೆಯಲ್ಲೇ ಇತ್ತು. ಹೊಲದ ಬದುಗಳನ್ನು ಇದ್ದ ಹಾಗೇ ಬಿಟ್ಟು ಮೇಲೆ ಜಲ್ಲಿ ಸುರಿದಿದ್ದರು. ಅದು ಮುಗಿದರೆ ರೈಲ್ವೆ ಗೇಟು, ಗೇಟಿನಾಚೆ ಲಾರಿಗಳು ಕಿತ್ತು ಹಾಕಿದ ಡಾಂಬರು. ಡಾಕ್ಟರಮ್ಮ ಒಂದೇ ಒಂದು ಸಲ ಆ ದಾರಿಯಲ್ಲಿ ಬಂದಿದ್ದರೆ ಆ ಮಾತು ಆಡುತ್ತಿರಲಿಲ್ಲ ಎಂದು ನಾನು ಮನೆಯಲ್ಲಿ ಸಿಡುಕುತ್ತಿದ್ದೆ. ಆಟೋದ ಮಾತೇ ಬೇಡ. ಇದ್ದುದರಲ್ಲಿ ಕಾರೇ ವಾಸಿ. ಆದರೆ ಅದರ ಮುಂದಿನ ಎರಡೂ ಶಾಕ್‌ಅಬ್ಸಾರ್ಬರುಗಳು ಎಣ್ಣೆ ಸೋರಿಸಿಕೊಂಡು ಸತ್ತಿದ್ದವು.

ಕಾರಿನ ಜೊತೆ ಬಂದಿದ್ದ ಪುಸ್ತಕದಲ್ಲಿ ಅದರ ಹೆಸರು ‘ಸ್ಟ್ರಟ್’ ಎಂದಿತ್ತು. ಹಳೆಯ ದಪ್ಪ ಕಾರುಗಳಲ್ಲಿ ಸ್ಪ್ರಿಂಗು ಬೇರೆ, ಶಾಕು ಬೇರೆ. ಇದರಲ್ಲಿ ಶಾಕಿನ ಕಂಬಕ್ಕೇ ಸ್ಪ್ರಿಂಗು ತೊಡಿಸಿ ಗಾಲಿಯ ಮೇಲೆ ನಿಲ್ಲಿಸಿದ್ದರು. ಅಂಥ ಕಾರು ಆಗ ಹೊಸದು, ನಮ್ಮ ಮೆಕ್ಯಾನಿಕ್ಕಿಗೂ ಹೊಸದು. ಅವನು ಮನೆಯ ಮುಂದೆಯೇ ಬಾನೆಟ್ಟನ್ನು ಒತ್ತಿ ಕೈಬಿಟ್ಟ. ಕಾರು ಮೇಲೆ ಕೆಳಗೆ ಆಡುತ್ತಲೇ ಇತ್ತು. “ಎರಡೂ ಹೋಗಿದೆ ಸಾರ್, ತೊಟ್ಟಿಲ ಥರ ತೂಗ್ತಿದೆ. ಯಾವ್ದು ಹಾಕೋದು ಅಂತ ನೀವೇ ವಿಚಾರಿಸ್ಕೊಂಡು ತನ್ನಿ, ಹಾಕ್ಕೊಡ್ತೀನಿ,” ಎಂದ. ಒಳಗೆ ಮಲಗಿದ್ದ ನನಗೂ ಅದು ಕೇಳಿಸಿತು. ನಮ್ಮ ಮನೆಯಲ್ಲಿ ಆಗ ಯಾರೂ ತೊಟ್ಟಿಲೆಂಬ ಮಾತನ್ನು ಬಾಯಿಗೆ ತರುತ್ತಿರಲಿಲ್ಲ.

ಕಂಪನಿಯ ಅಸಲಿ ಜೋಡಿ ಬರಲು ತಿಂಗಳುಗಟ್ಟಲೆ ಕಾಯಬೇಕಿತ್ತು. ಹಳೆಯದನ್ನೇ ಬಿಚ್ಚಿ, ಎಣ್ಣೆ ತುಂಬಿ, ಬೆಸುಗೆ ಹಾಕಿ, ಕಪ್ಪು ಬಣ್ಣ ಬಳಿದು ಕೊಡುವವರೂ ಇದ್ದರು. ಆ ಬೆಸುಗೆ ನಡುದಾರಿಯಲ್ಲಿ ಬಿಟ್ಟರೆ ಗತಿಯೇನು ಎಂದು ನಾನು ಅದನ್ನು ಖಂಡಿತ ಬೇಡವೆಂದೆ. ಆರ್.ಟಿ. ನಗರದಲ್ಲಿ ಒಂದು ಸ್ಪೇರ್ ಪಾರ್ಟ್ಸ್ ಅಂಗಡಿಯಿದೆ, ಅಲ್ಲಿ ಬೇರೆ ತಯಾರಿಕೆಯ ಹೊಸ ಜೋಡಿ ಸಿಗುತ್ತದೆ ಎಂದು ಯಾರೋ ಹೇಳಿದರು. ಮುಂದಿನ ಇಂಜೆಕ್ಷನ್ನಿಗೆ ವಾರವೂ ಉಳಿದಿರಲಿಲ್ಲ. ನಮ್ಮ ಯಜಮಾನರು ಕಾರ್ಖಾನೆಗೆ ರಜೆ ಹಾಕಿ ಹೋದರು.

ಇವರ ಸ್ವಭಾವವನ್ನು ಇಲ್ಲಿ ಹೇಳಲೇಬೇಕು. ಇವರಿಗೆ ವಸ್ತುವೆಂದರೆ ಬಾಳಿಕೆ. ಚಪ್ಪಲಿಯಾಗಲಿ, ಕುಕ್ಕರಾಗಲಿ, ಕೊನೆಗೆ ನನ್ನ ಸೀರೆಯಾಗಲಿ, ಅಂಗಡಿಯವನ ಎದುರಿಗೇ ಎಳೆದು ಜಗ್ಗಿ, “ಗಟ್ಟಿ ಇದೆಯೇನ್ರೀ?” ಎಂದು ಕೇಳುವವರು. ಅವತ್ತೂ ಅದನ್ನೇ ಕೇಳಿದ್ದಾರೆ. ಸಂಜೆ ಹೊಸ ಜೋಡಿ ಹಾಕಿಸಿಕೊಂಡು ಬಂದು ಹಾಸಿಗೆಯ ಪಕ್ಕ ಕೂತು ಹೇಳಿದರು: “ಇದ್ದಿದ್ರಲ್ಲೇ ಗಟ್ಟಿ ಯಾವ್ದೋ ಅದನ್ನ ಕೊಡಿ ಅಂದೆ. ವರ್ಷಗಟ್ಲೆ ಅಲ್ಲಾಡಲ್ವಂತೆ ಕಣೇ.”

ನನಗೆ ಸಮಾಧಾನವಾಗಲಿಲ್ಲ. ಹೆದರಿದವಳಿಗೆ ಬಾಯಿಮಾತಿನ ಖಾತರಿ ಸಾಲದು. “ನೀವೊಬ್ರೇ ಗೇಟಿನ ತನಕ ಹೋಗ್ಬನ್ನಿ. ನಾನು ಕೂರೋ ಜಾಗದಲ್ಲಿ ಇದನ್ನಿಡಿ,” ಎಂದು ಅತ್ತೆಯ ಕೈಯಿಂದ ಹಿತ್ತಾಳೆ ಚೊಂಬಿನ ಕಂಠದವರೆಗೆ ನೀರು ತುಂಬಿಸಿ ಕೊಡಿಸಿದೆ. ಇವರು ನಕ್ಕರು. ನಗುತ್ತಲೇ ಚೊಂಬು ಉರುಳದ ಹಾಗೆ ಸುತ್ತ ಹಳೆಯ ಸೀರೆ ಒತ್ತಿಟ್ಟು ಹೊರಟರು.

ಕಾರು ದೂರವಾಗುವುದನ್ನು ಮಲಗಿಕೊಂಡೇ ಕೇಳಿದೆ. ‘ಟಕ್’ ಇರಲಿಲ್ಲ. ಅದರ ಬದಲು ‘ದಡ್, ದಡ್’ ಎಂದು ಯಾರೋ ಬಾಗಿಲು ಒದೆಯುತ್ತಿರುವ ಹಾಗೆ ಕೇಳುತ್ತಿತ್ತು. ಮರಳಿ ಬಂದಾಗ ಇವರ ಮುಖದಲ್ಲಿ ನಗು ಇರಲಿಲ್ಲ. ಏಳಬೇಡವೆಂದರೂ ಕೇಳದೆ ಗೋಡೆ ಹಿಡಿದುಕೊಂಡು ಬಾಗಿಲವರೆಗೆ ಹೋಗಿ, ತೆರೆದಿದ್ದ ಕಾರಿನೊಳಗೆ ನೋಡಿದೆ. ಚೊಂಬು ಅರ್ಧ ಖಾಲಿ. ನಾನು ಕೂರುವ ಜಾಗವೆಲ್ಲ ಒದ್ದೆ. ಹಾಗೆ ಒದ್ದೆಯಾದ ಜಾಗವನ್ನು ಮೊದಲೂ ಎರಡು ಸಲ ನೋಡಿದ್ದೆ, ಆಗ ಅದು ನೀರಾಗಿರಲಿಲ್ಲ. ಅತ್ತೆ ಬಟ್ಟೆ ತಂದು ಸೀಟು ಒರೆಸತೊಡಗಿದರು. ನಾನು ಬಾಗಿಲಿಗೊರಗಿ ನಿಂತೆ. “ಇದ್ರಲ್ಲಿ ನಾನು ಕೂರಲ್ಲ. ಸತ್ರೂ ಕೂರಲ್ಲ,” ಎಂದೆ.

ಮರುದಿನ ಇವರು ಮತ್ತೆ ಆರ್.ಟಿ. ನಗರಕ್ಕೆ ಹೋಗಿ ಜಗಳವಾಡಿದ್ದಾರೆ. ಅಂಗಡಿಯ ವಯಸ್ಸಾದ ಸಾಹೇಬರು ಕಣ್ಣರಳಿಸಿ, “ಆಪೀಚ್ ತೋ ಗಟ್ಟಿ ಹೋನಾ ಬೋಲೆ ಸಾಬ್!” ಎಂದರಂತೆ. ಗಟ್ಟಿ ಬೇಕೆಂದವರು ನೀವೇ ಅಲ್ಲವೇ ಎಂದು. ಆಮೇಲೆ ಕನ್ನಡದಲ್ಲಿ, “ಅದು ಮೂಟೆ ಹೊರೋ ಗಾಡಿಗೆ ಸಾರ್, ಬಗ್ಗಲ್ಲ. ನಮ್ಮ ಲೈನಲ್ಲಿ ಗಟ್ಟಿ ಅಂದ್ರೆ ಬಗ್ಗದೇ ಇರೋದು. ಕೂತೋರ್ಗೆ ಆರಾಮ ಆಗ್ಬೇಕು ಅಂದ್ರೆ ಮೆತ್ತಗಿರೋದು ಅಂತ ಕೇಳ್ಬೇಕು,” ಎಂದರಂತೆ.

ತಪ್ಪು ಅವರದ್ದೂ ಅಲ್ಲ, ಇವರದ್ದೂ ಅಲ್ಲ ಎಂದು ಈಗ ಅನ್ನಿಸುತ್ತದೆ. ಗಟ್ಟಿ ಎಂದರೆ ನಮ್ಮಲ್ಲಿ ಹೊಗಳಿಕೆ. ಮೊಸರು ಗಟ್ಟಿ, ಗೋಡೆ ಗಟ್ಟಿ, ಜೀವ ಗಟ್ಟಿ. “ಈ ಸಲ ಗಟ್ಟಿಯಾಗಿ ನಿಲ್ಲುತ್ತೆ ಬಿಡು,” ಎಂದು ಅತ್ತೆ ದಿನಾ ನನ್ನ ತಲೆ ಸವರುತ್ತಿದ್ದರು. ಅಂಥ ಮಾತು ಒಂದು ಅಂಗಡಿಯ ಮೆಟ್ಟಿಲು ಹತ್ತಿದ ಕೂಡಲೇ ನನ್ನ ಹೊಟ್ಟೆಗೇ ಹಗೆಯಾಗುತ್ತದೆಂದು ಯಾರಿಗೆ ಗೊತ್ತಿತ್ತು? ಆದರೆ ಅವತ್ತು ಇಷ್ಟೆಲ್ಲ ವಿವೇಕ ನನಗಿರಲಿಲ್ಲ. ಇಬ್ಬರನ್ನೂ ಸೇರಿಸಿ ಬೈದೆ.

ಸಾಹೇಬರು ಒಳ್ಳೆಯವರು. ಮೆತ್ತಗಿನದರಲ್ಲಿ ಅವರ ಹತ್ತಿರ ಎರಡು ಬಗೆ ಇದ್ದವು. ಮನೆಯವರಿಗೆ ತೋರಿಸಿ ಬನ್ನಿ ಎಂದು ಒಂದೊಂದು ಕೊಟ್ಟು ಕಳಿಸಿದ್ದರು. ಇವರು ಅವನ್ನು ಗೋಣಿಚೀಲದಲ್ಲಿ ಸುತ್ತಿ ತಂದು ನನ್ನ ಚಾಪೆಯ ಪಕ್ಕ ಇಟ್ಟರು. ಸ್ಪ್ರಿಂಗು ತೊಡಿಸಿರಲಿಲ್ಲ, ಬರೀ ಕಪ್ಪು ಕೊಳವೆ, ಅದರೊಳಗಿಂದ ಹೊರಬಂದ ಹೊಳೆಯುವ ಸರಳು. ನಾನು ಒಂದು ಮಗ್ಗುಲಾಗಿ ಮೊಣಕೈ ಊರಿ, ಅಂಗೈಯಿಂದ ಸರಳನ್ನು ಒತ್ತಿದೆ. ಮೊದಲನೆಯದು ತಡೆದು ತಡೆದು ಇಳಿಯಿತು. ಎರಡನೆಯದು ಎಲ್ಲೂ ನಿಲ್ಲದೆ ನಿಧಾನವಾಗಿ ಒಳಗೆ ಹೋಯಿತು.

“ಬಸುರಿ ಕೈಗೆ ಗ್ರೀಸೇನೋ! ನಿನಗೆ ಬುದ್ಧಿ ಇದೆಯಾ?” ಎಂದು ಮಗನನ್ನು ಗದರುತ್ತ ಬಂದ ಅತ್ತೆ, ಒಂದು ಗಳಿಗೆ ನೋಡಿ, ತಾವೂ ಕೂತು ಎರಡನ್ನೂ ಒತ್ತಿದರು. ಹೋಳಿಗೆಯ ಕಣಕವನ್ನು ಬೆರಳಲ್ಲಿ ಒತ್ತಿ ನೋಡುವಾಗ ಮಾಡುವ ಮುಖವನ್ನೇ ಮಾಡಿ, “ಇದು ಹದವಾಗಿದೆ,” ಎಂದು ಎರಡನೆಯದನ್ನು ತೋರಿಸಿದರು.

ಇವರಿಗೆ ಇನ್ನೂ ಸಂಕಟ. “ಸಾಹೇಬ್ರೇ ಹೇಳಿದ್ರು, ಅದು ಬಾಳಿಕೆ ಬರಲ್ವಂತೆ. ಈ ರಸ್ತೇಲಿ ಬೇಗ ಎಣ್ಣೆ ಬಿಡುತ್ತೆ.”

“ನಂಗೆ ನಾಲ್ಕು ತಿಂಗ್ಳು ಬಂದ್ರೆ ಸಾಕು ಕಣ್ರೀ!” ಎಂದು ಕಿರುಚಿದೆ. “ಆಮೇಲೆ ಅದು ಮುರಿದು ಬಿದ್ರೂ ಪರವಾಗಿಲ್ಲ.”

ಹೆರಿಗೆಗೆ ಉಳಿದಿದ್ದ ಆ ನಾಲ್ಕು ತಿಂಗಳ ಮಾತನ್ನು ಅಲ್ಲಿಯವರೆಗೆ ನಾವ್ಯಾರೂ ಬಾಯಿಬಿಟ್ಟು ಆಡಿರಲಿಲ್ಲ. ಆಡಿಬಿಟ್ಟೆನಲ್ಲ, ಯಾರ ಕಿವಿಗೆ ಬಿತ್ತೋ ಎಂದು ನನಗೇ ಭಯವಾಯಿತು. ಇವರು ಗೋಣಿಚೀಲ ಎತ್ತಿಕೊಂಡು ಹೋದರು. ಅವತ್ತೇ ಎರಡನೆಯ ಬಗೆಯ ಜೋಡಿಯನ್ನು ಹಾಕಿಸಿಕೊಂಡು ಬಂದರು.

ಇಂಜೆಕ್ಷನ್ನಿನ ದಿನ ಬರುವ ಮುಂಚೆಯೇ, ಮಾರನೆಯ ಬೆಳಿಗ್ಗೆ, ಬಚ್ಚಲಲ್ಲಿ ಕೆಂಪು ಕಂಡಿತು.

ಹಿಂದಿನ ಸೀಟಿನಲ್ಲಿ ಮಲಗಿಸಿದರು. ಅತ್ತೆ ನನ್ನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡರು. ಇವರು ಗುಂಡಿಗುಂಡಿಗೂ ನಿಲ್ಲಿಸಿ, ಬಳಸಿ, ಉಸಿರು ಬಿಗಿಹಿಡಿದು ಓಡಿಸುತ್ತಿದ್ದರು. ಬೇಗ ಹೋಗಿ ಎನ್ನಲೂ ಭಯ, ನಿಧಾನ ಎನ್ನಲೂ ಭಯ. ಗೇಟಿನ ಹತ್ತಿರ ಬಂದರೆ ಗೇಟು ಹಾಕಿತ್ತು. ಇವರು ಇಳಿದು ಓಡಿ ಕೈಮುಗಿದದ್ದು ಕಿಟಕಿಯಲ್ಲಿ ಕಂಡಿತು. ಗೇಟಿನವನು ಬಂದು ಒಳಗೆ ಬಗ್ಗಿ ನೋಡಿ, “ಗೂಡ್ಸು ಬಂದೇಬುಡ್ತು ಕಣವ್ವಾ, ಈಗ ತೆಗ್ಯಂಗಿಲ್ಲ. ಅಂಗೇ ಮನಿಕ್ಕೊಂಡಿರು, ಅದು ಒಂಟೋಗ್ಲಿ,” ಎಂದ. ಗೂಡ್ಸ್ ಗಾಡಿಗೆ ಕೊನೆಯೇ ಇರಲಿಲ್ಲ. ನೆಲ ಅದುರಿತು, ಕಾರು ಅದುರಿತು, ನಾನು ಅದುರಿದೆ.

ಆ ಮಗುವಿನ ಜೊತೆ ನಾನು ಅಲ್ಲಿಯವರೆಗೆ ಒಂದು ಮಾತೂ ಆಡಿರಲಿಲ್ಲ. ಮಾತಾಡಿದರೆ ಋಣ ಬೆಳೆಯುತ್ತದೆ, ಹೋದಾಗ ತಡೆಯಲಾಗುವುದಿಲ್ಲ ಎಂದು ಗಟ್ಟಿಯಾಗಿ ಬಾಯಿ ಮುಚ್ಚಿಕೊಂಡಿದ್ದೆ. ಗೇಟಿನಲ್ಲಿ ಆ ಬಿಗಿ ಸಡಿಲವಾಯಿತು. “ಇರು ಕಂದ, ಇರು, ಇಳೀಬೇಡ,” ಎಂದು ಗುನುಗತೊಡಗಿದೆ. ಗೇಟು ತೆಗೆದರು. ಮುಂದಿನ ಗಾಲಿಗಳು ಹಳಿಯ ಮೇಲೆ ಏರಿ ಇಳಿದವು. ಸದ್ದು ಬರಲಿಲ್ಲ. ಕಾರು ಬಗ್ಗಿ ಮೇಲೆದ್ದಿತು, ಅಷ್ಟೆ. ನಾನು ಗುನುಗುವುದನ್ನು ಯಶವಂತಪುರದವರೆಗೂ ನಿಲ್ಲಿಸಲಿಲ್ಲ.

ಡಾಕ್ಟರಮ್ಮ ಹೊಟ್ಟೆಯ ಮೇಲೆ ಮಗುವಿನ ಎದೆಬಡಿತ ಕೇಳುವ ಕೊಳವೆಯಿಟ್ಟು ಕಿವಿಗೊಟ್ಟರು. ಜಾಗ ಬದಲಿಸಿದರು. ಮತ್ತೆ ಬದಲಿಸಿದರು. ನಾನು ಛಾವಣಿಯ ಫ್ಯಾನನ್ನೇ ನೋಡುತ್ತಿದ್ದೆ. “ಇದೆ,” ಎಂದರು. “ಹೊಲಿಗೇನೂ ಹಿಡ್ಕೊಂಡಿದೆ. ಆದ್ರೆ ಇನ್ನು ನಿಮ್ಮನ್ನ ಮನೆಗೆ ಕಳ್ಸಲ್ಲ.” ಹೆರಿಗೆಯವರೆಗೂ ಅವರ ನರ್ಸಿಂಗ್ ಹೋಮಿನ ಮೂಲೆಯ ಮಂಚವೇ ನನಗೆ ಮನೆಯಾಯಿತು. ಅಷ್ಟು ಒದ್ದಾಡಿ ಆರಿಸಿದ ಶಾಕುಗಳ ಮೇಲೆ ಬಸುರಿಯಾಗಿ ನಾನು ಹೋದದ್ದು ಅದೊಂದೇ ಸಲ.

ದಿನ ತುಂಬುವ ಮುಂಚೆಯೇ ಮಗಳು ಹುಟ್ಟಿದಳು. ಅಂಗೈಯಗಲದ ಮುಖ, ಆದರೆ ಅತ್ತು ಊರನ್ನೇ ಎಬ್ಬಿಸುವ ಗಂಟಲು. ಮನೆಗೆ ಹೊರಡುವ ದಿನ ಇವರ ಎದುರಿಗೇ ಡಾಕ್ಟರಮ್ಮನನ್ನು ಕೇಳಿದೆ, ಮೊದಲಿನ ಎರಡು ಹೋದದ್ದು ನಮ್ಮ ರಸ್ತೆಯ ದೆಸೆಯಿಂದಲೇ ಅಲ್ಲವೇ ಎಂದು.

“ಕಾರು ಕುಲುಕಿದ್ದಕ್ಕೆಲ್ಲ ಮಗು ಹೋಗಲ್ಲಮ್ಮ. ನಿಮ್ಗೆ ಗರ್ಭಕೋಶದ ಬಾಯಿ ಸಡಿಲ ಇತ್ತು, ಅದಕ್ಕೆ ಹೋಗಿದ್ದು.”

“ಮತ್ತೆ ಕುಲುಕಾಟ ಬೇಡ ಅಂದಿದ್ರಿ?”

“ಎಲ್ರಿಗೂ ಹೇಳ್ತೀನಿ. ಜೋಪಾನ ಮಾಡೋಕೆ ಏನಾದ್ರೂ ಒಂದು ಹೇಳ್ದಿದ್ರೆ ನೀವೆಲ್ಲ ಉಸಿರಾಡೋಕೂ ಹೆದರ್ತೀರ.”

ನನಗೆ ಉರಿದುಹೋಯಿತು. ಅಷ್ಟು ದಿನದ ನಡುಕ, ಜಗಳ, ಅತ್ತೆಯ ಕೈಗೆ ಹತ್ತಿದ ಗ್ರೀಸು, ಎಲ್ಲ ದಂಡವೇ? ತೋಳಲ್ಲಿ ಮಲಗಿದ್ದ ಮಗುವಿಗೆ ಬಟ್ಟೆ ಸುತ್ತಿ ಕಾರು ಹತ್ತಿದೆ. ಕಾರಿನಲ್ಲಿ ಇವರು ಮಾತ್ರ ಹಗುರಾಗಿ ಶಿಳ್ಳೆ ಹಾಕುತ್ತಿದ್ದರು. ಶೆಟ್ಟಿಹಳ್ಳಿಯ ಗೇಟು ಅವತ್ತು ತೆರೆದೇ ಇತ್ತು, ಯಾವ ಗಾಡಿಯೂ ಬರುವ ಹಾಗಿರಲಿಲ್ಲ.

“ನಿಲ್ಸಿ,” ಎಂದೆ.

“ಡಾಕ್ಟ್ರು ಹೇಳಿದ್ದು ಕೇಳಿಸ್ಕೊಳ್ಲಿಲ್ವೇನೇ?”

“ಕೇಳಿಸ್ಕೊಂಡೆ. ನಿಲ್ಸಿ.”

ಇಳಿದೆ. ಮಗುವನ್ನು ಎದೆಗೆ ಅವಚಿಕೊಂಡು, ಒಂದೊಂದೇ ಹೆಜ್ಜೆ ನೋಡಿ ಇಟ್ಟು ಹಳಿಗಳನ್ನು ದಾಟಿದೆ. ಇವರು ಖಾಲಿ ಕಾರನ್ನು ನನ್ನ ಹಿಂದೆ, ಒಳಗೆ ಯಾರೋ ಮಲಗಿದ್ದಾರೆ ಎನ್ನುವಷ್ಟು ನಿಧಾನವಾಗಿ ದಾಟಿಸಿದರು.